ಕ್ಲಿಪ್ ತೆಗೆದ ಮೇಲಿನ ಕೆಲಸ: ರಿಟೇನರ್ ಧಾರಣೆ ಮತ್ತು ಅದರ ಜೋಪಾನ

ಮುಂಬಯಿಯಲ್ಲಿ ನೆಲೆ ನಿಂತಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಿರುವ ಮನೆ ಈಗ ಅಪರೂಪವೇನಲ್ಲ. ಹಿಂದಿನ ತಲೆಮಾರಿನಲ್ಲಿ ಮಗುವಿಗೆ ಉಬ್ಬುಹಲ್ಲೋ ಓರೆಹಲ್ಲೋ ಬಂದರೆ ಅದು ಅಜ್ಜನ ಬಳುವಳಿಯೆಂದು ನಕ್ಕು ಸುಮ್ಮನಾಗುತ್ತಿದ್ದರು. ಇಂದು ಹನ್ನೆರಡು ಹದಿಮೂರರ ವಯಸ್ಸಿಗೇ ತಂದೆತಾಯಿ ಮಗುವನ್ನು ಆರ್ಥೊಡಾಂಟಿಸ್ಟರ ಬಳಿಗೆ, ಅಂದರೆ ಹಲ್ಲಿನ ಸಾಲನ್ನು ಸರಿಪಡಿಸುವ ತಜ್ಞರ ಬಳಿಗೆ ಕರೆದೊಯ್ಯುತ್ತಾರೆ. ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ಭೇಟಿ, ತಂತಿ ಬಿಗಿಸಿದ ರಾತ್ರಿ ಗಂಜಿಯೂಟ, ಶಾಲೆಯಲ್ಲಿ ಗೆಳೆಯರ ಕೀಟಲೆ, ಮನೆಯಲ್ಲಿ ಕಂತಿನ ಲೆಕ್ಕಾಚಾರ. ಕೊನೆಗೊಂದು ದಿನ ಕ್ಲಿಪ್ ತೆಗೆಯುತ್ತಾರೆ. ಅಂದು ಕನ್ನಡಿಯ ಮುಂದಿನಿಂದ ಮಗು ಏಳುವುದೇ ಇಲ್ಲ.

ಅದೇ ದಿನ, ಇಲ್ಲವೆ ಕೆಲವೇ ದಿನಗಳಲ್ಲಿ, ವೈದ್ಯರು ಅಂಗೈಯಗಲದ ಒಂದು ಡಬ್ಬಿಯನ್ನು ಕೈಗಿಡುತ್ತಾರೆ. ಅದರೊಳಗಿರುವುದೇ ರಿಟೇನರ್. ಸರಿಸಿದ ಹಲ್ಲನ್ನು ಸರಿಸಿದ ಜಾಗದಲ್ಲಿಯೇ ಹಿಡಿದಿಡುವ ಸಾಧನ. ಸಂಭ್ರಮದ ನಡುವೆ ವೈದ್ಯರು ಹೇಳುವ ಮಾತು ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಬೀಳುವುದಿಲ್ಲ. ಎರಡು ತಿಂಗಳಲ್ಲಿ ಡಬ್ಬಿ ಮೇಜಿನ ಖಾನೆ ಸೇರುತ್ತದೆ. ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನಮಗೆ ಇದು, ಗೃಹಸಾಲದ ಕೊನೆಯ ಕಂತು ಕಟ್ಟಿ, ಅಡವಿಟ್ಟ ಮೂಲಪತ್ರಗಳನ್ನು ಬಿಡಿಸಿಕೊಳ್ಳದೆ ಮನೆಗೆ ಹೋದವರ ಹಾಗೆ ಕಾಣುತ್ತದೆ. ಕಟ್ಟಬೇಕಾದದ್ದನ್ನೆಲ್ಲ ಕಟ್ಟಿದ್ದಾಗಿದೆ, ಆದರೆ ಮನೆ ಪೂರ್ತಿ ಕೈಗೆ ಬಂದಿಲ್ಲ.

ಸರಿಯಾದ ಹಲ್ಲು ಮತ್ತೆ ಏಕೆ ಸರಿಯುತ್ತದೆ? ಹಲ್ಲು ಎಲುಬಿನಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿರುವುದೆಂದು ನಮ್ಮಲ್ಲಿ ಬಹುಮಂದಿಯ ಭಾವನೆ. ವಾಸ್ತವ ಹಾಗಿಲ್ಲ. ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ತೆಳುವಾದ ಒಂದು ಪದರವಿದೆ. ಸಾವಿರಾರು ನವಿರಾದ ತಂತುಗಳಿಂದ ಹೆಣೆದ ಈ ಪದರದಲ್ಲಿ ಹಲ್ಲು ತೂಗುಮಂಚದ ಹಾಗೆ ತೂಗಿಕೊಂಡಿರುತ್ತದೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲನೆ ಒತ್ತಿದಾಗ ಒತ್ತಡ ಬಿದ್ದ ಕಡೆಯ ಎಲುಬು ಕರಗುತ್ತದೆ, ಹಿಂಬದಿಯ ಖಾಲಿ ಜಾಗದಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ಕ್ಲಿಪ್ ತೆಗೆದ ದಿನ ಈ ಹೊಸ ಎಲುಬು ಇನ್ನೂ ಎಳೆಯದು, ತಂತುಗಳು ಅಸ್ತವ್ಯಸ್ತ. ಬೆರಳಿನಿಂದ ಮುಟ್ಟಿದರೆ ಹಲ್ಲು ತುಸು ಅಲುಗುವುದೂ ಉಂಟು. ಇದು ಗಾಬರಿಪಡುವ ಸಂಗತಿಯಲ್ಲ, ಆದರೆ ಮರೆಯುವ ಸಂಗತಿಯೂ ಅಲ್ಲ.

ಬೇರಿನ ಸುತ್ತಲಿನ ತಂತುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನ ತಂತುಗಳಿಗೆ ನಾಲ್ಕರಿಂದ ಆರು ತಿಂಗಳು. ಹಲ್ಲಿನ ಕೊರಳನ್ನು ಸುತ್ತಿರುವ, ರಬ್ಬರಿನಂತೆ ಎಳೆದುಕೊಳ್ಳುವ ಒಂದು ಬಗೆಯ ತಂತುಗಳಂತೂ ವರ್ಷ ಕಳೆದರೂ ಹಳೆಯ ಜಾಗದ ಕಡೆಗೆ ಜಗ್ಗುತ್ತಲೇ ಇರುತ್ತವೆ. ಆದಕಾರಣವೇ ತಿರುಚಿಕೊಂಡಿದ್ದ ಹಲ್ಲು ಮರಳಿ ತಿರುಚಿಕೊಳ್ಳುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಮೇಲಿನ ಎರಡು ಬಾಚಿಹಲ್ಲುಗಳ ನಡುವಿನ ಸಂದಿಯೂ ಹಾಗೆಯೇ, ಮುಚ್ಚಿದರೂ ಮತ್ತೆ ಬಾಯಿ ತೆರೆಯಲು ಹವಣಿಸುತ್ತದೆ.

ಇದರೊಂದಿಗೆ ವಯಸ್ಸಿನ ಆಟವೂ ಸೇರಿಕೊಳ್ಳುತ್ತದೆ. ಜೀವಮಾನದಲ್ಲಿ ಒಮ್ಮೆಯೂ ಕ್ಲಿಪ್ ಹಾಕಿಸದವರ ಬಾಯಿಯಲ್ಲಿಯೂ ಕೆಳಗಿನ ಮುಂಭಾಗದ ಹಲ್ಲುಗಳು ವರ್ಷಗಳುರುಳಿದಂತೆ ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಐವತ್ತು ದಾಟಿದ ನಮ್ಮಂಥವರು ನಮ್ಮ ಮದುವೆಯ ಕಾಲದ ಫೋಟೊ ತೆಗೆದು ಕನ್ನಡಿಯೊಂದಿಗೆ ಹೋಲಿಸಿದರೆ ಸಾಕು. ಇದಕ್ಕೆಲ್ಲ ಕೊನೆಯಲ್ಲಿ ಹುಟ್ಟುವ ಜ್ಞಾನದಂತವೇ ಕಾರಣ, ಅದು ಹಿಂದಿನಿಂದ ತಳ್ಳುತ್ತದೆ ಎಂಬ ಮಾತು ಮನೆಮನೆಗಳಲ್ಲಿ ಪ್ರಚಲಿತ. ಸಂಶೋಧನೆಗಳು ಈ ನಂಬಿಕೆಯನ್ನು ಎತ್ತಿಹಿಡಿದಿಲ್ಲ. ಜ್ಞಾನದಂತ ಕೀಳಿಸಬೇಕಾದ ಬೇರೆ ಕಾರಣಗಳಿರಬಹುದು. ಅದನ್ನು ಕೀಳಿಸಿದ್ದೇವೆ, ಇನ್ನು ರಿಟೇನರ್ ಬೇಡ ಎಂದುಕೊಳ್ಳುವುದು ಮಾತ್ರ ಸರಿಯಲ್ಲ.

ಈ ಶಾಸ್ತ್ರದ ಇತಿಹಾಸದಲ್ಲಿಯೂ ಇದೇ ಪಾಠ ಪದೇ ಪದೇ ಕಾಣಸಿಗುತ್ತದೆ. ಆಧುನಿಕ ದಂತಸಾಲು ಚಿಕಿತ್ಸೆಯ ಪಿತಾಮಹನೆನಿಸಿದ ಅಮೆರಿಕದ ಎಡ್ವರ್ಡ್ ಆಂಗಲ್ (1855-1930) ಒಂದು ಹಲ್ಲನ್ನೂ ಕೀಳದೆ ಮೇಲು ಕೆಳಗಿನ ಸಾಲುಗಳನ್ನು ಸರಿಯಾಗಿ ಕೂಡಿಸಬೇಕೆಂದು ಪ್ರತಿಪಾದಿಸಿದವನು. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾರ್ಗದಲ್ಲಿಯೇ ನಡೆದು, ತನ್ನ ರೋಗಿಗಳಲ್ಲಿ ಅನೇಕರ ಹಲ್ಲು ಮತ್ತೆ ಮುಂದಕ್ಕೆ ಬಂದದ್ದನ್ನು ಕಂಡ. ಅಂಥವರಿಗೆ ನಾಲ್ಕು ಹಲ್ಲು ಕಿತ್ತು ಮರುಚಿಕಿತ್ಸೆ ಮಾಡಿದ. ಹಲ್ಲು ಕಿತ್ತರೆ ಸಾಲು ನಿಲ್ಲುತ್ತದೆಂಬ ಭರವಸೆ ಅಲ್ಲಿಂದ ಬೆಳೆಯಿತು. ಆ ಭರವಸೆಯೂ ಪೂರ್ತಿ ಉಳಿಯಲಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕಿತ್ತು ಚಿಕಿತ್ಸೆ ಪಡೆದು ರಿಟೇನರ್ ಬಿಟ್ಟು ಹತ್ತು ವರ್ಷವಾದರೂ ಕಳೆದಿದ್ದ 65 ಮಂದಿಯನ್ನು ಪರೀಕ್ಷಿಸಿದರು. 1981ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಸಾಲಿನ ಮುಂಭಾಗ ಮತ್ತೆ ಕೆಟ್ಟಿತ್ತು. ಇಪ್ಪತ್ತು ವರ್ಷಗಳವರೆಗೆ ಹಿಂಬಾಲಿಸಿದ 1988ರ ಅಧ್ಯಯನದಲ್ಲಿ ಒಪ್ಪತಕ್ಕ ಸಾಲು ಉಳಿದದ್ದು ಶೇಕಡ 10ರಷ್ಟು ಮಂದಿಗೆ ಮಾತ್ರ. ಯಾರಿಗೆ ಉಳಿಯುತ್ತದೆ, ಯಾರಿಗೆ ಕೆಡುತ್ತದೆ ಎಂಬುದನ್ನು ಮೊದಲೇ ಊಹಿಸುವ ದಾರಿಯೂ ಅವರಿಗೆ ದೊರೆಯಲಿಲ್ಲ.

ಹೀಗಾಗಿ ಇಂದಿನ ತಜ್ಞರು ರಿಟೇನರನ್ನು ಎಷ್ಟು ಕಾಲ ಧರಿಸಬೇಕೆಂಬ ಪ್ರಶ್ನೆಗೆ ಕೊಡುವ ಉತ್ತರ ಸರಳ: ಹಲ್ಲು ನೆಟ್ಟಗಿರಬೇಕೆಂದು ಬಯಸುವಷ್ಟು ಕಾಲ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ದಿನವಿಡೀ, ಆಮೇಲೆ ರಾತ್ರಿ ಮಲಗುವಾಗ. ಕೆಲವು ವೈದ್ಯರು ಆರಂಭದಿಂದಲೇ ರಾತ್ರಿಯ ಧಾರಣೆ ಸಾಕೆನ್ನುತ್ತಾರೆ. ಅದಕ್ಕೂ ಅಧ್ಯಯನಗಳ ಆಧಾರವಿದೆ. ನೆರೆಮನೆಯ ಹುಡುಗನ ವೇಳಾಪಟ್ಟಿ ನಮ್ಮ ಮನೆಯ ಹುಡುಗಿಗೆ ಅನ್ವಯಿಸಬೇಕೆಂದೇನಿಲ್ಲ. ಚಿಕಿತ್ಸೆ ಮಾಡಿದವರು ಬರೆದುಕೊಟ್ಟದ್ದೇ ಪ್ರಮಾಣ. ಬರೆದುಕೊಡದಿದ್ದರೆ ಕೇಳಿ ಬರೆಸಿಕೊಳ್ಳತಕ್ಕದ್ದು.

ರಿಟೇನರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಅಂಗುಳಕ್ಕೆ ಅಂಟಿ ಕೂರುವ ಗಡಸು ಪ್ಲಾಸ್ಟಿಕ್ ಫಲಕ ಮತ್ತು ಮುಂಭಾಗದ ಹಲ್ಲುಗಳ ಮೇಲೆ ಹಾಯುವ ತಂತಿಯುಳ್ಳದ್ದು. ಇದನ್ನು ಅಮೆರಿಕದ ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ. ಶತಮಾನ ಕಳೆದರೂ ಹಾಲಿ ರಿಟೇನರ್ ಎಂದೇ ಬಳಕೆಯಲ್ಲಿದೆ. ಗಟ್ಟಿಮುಟ್ಟು, ತಂತಿಯನ್ನು ವೈದ್ಯರು ಬೇಕಾದಂತೆ ಸರಿಹೊಂದಿಸಬಹುದು, ನಕ್ಕಾಗ ತಂತಿ ಕಾಣುತ್ತದೆಂಬುದೊಂದೇ ಕೊರತೆ. ಎರಡನೆಯದು, ಹಲ್ಲಿನ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಒತ್ತಿ ತಯಾರಿಸುವ ಪಾರದರ್ಶಕ ಕವಚ. ಧರಿಸಿದರೆ ಹೊರಗಿನವರಿಗೆ ತಿಳಿಯುವುದಿಲ್ಲವಾದ್ದರಿಂದ ಇಂದಿನ ಮಕ್ಕಳ ಮೆಚ್ಚುಗೆ ಇದಕ್ಕೇ. ಹಾಲಿಯಷ್ಟು ಬಾಳಿಕೆ ಬರುವುದಿಲ್ಲ, ಸವೆಯುತ್ತದೆ, ಸೀಳುತ್ತದೆ, ಆಗಾಗ ಹೊಸದು ಮಾಡಿಸಬೇಕಾಗುತ್ತದೆ. ಮೂರನೆಯದು, ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ ಹಲ್ಲುಗಳ ಒಳಮೈಗೆ ಶಾಶ್ವತವಾಗಿ ಅಂಟಿಸುವ ತೆಳು ತಂತಿ. ಧರಿಸುವ ತೆಗೆಯುವ ಗೋಜಿಲ್ಲ, ಮರೆಯುವ ಭಯವಿಲ್ಲ. ಶುಚಿಯ ಹೊಣೆ ಮಾತ್ರ ಇಮ್ಮಡಿ. ಅನೇಕ ವೈದ್ಯರು ಕೆಳಸಾಲಿಗೆ ಅಂಟಿಸಿದ ತಂತಿ, ಮೇಲ್ಸಾಲಿಗೆ ಕವಚ ಎಂದು ಎರಡನ್ನೂ ಕೂಡಿಸಿ ಕೊಡುತ್ತಾರೆ.

ಮೊದಲ ದಿನಗಳಲ್ಲಿ ಮಕ್ಕಳಿಗೆ ಎದುರಾಗುವ ಕಷ್ಟ ನೋವಲ್ಲ, ಮಾತು. ನಮ್ಮ ವರ್ಣಮಾಲೆಯನ್ನು ರಚಿಸಿದ ಹಿರಿಯರು ಅಕ್ಷರಗಳನ್ನು ಅವು ಹುಟ್ಟುವ ಸ್ಥಾನದಿಂದ ವಿಂಗಡಿಸಿದ್ದಾರಲ್ಲವೆ? ತ, ಥ, ದ, ಧ, ನ ದಂತ್ಯಗಳು. ಚ, ಛ, ಜ, ಝ ತಾಲವ್ಯಗಳು. ಹಲ್ಲಿನ ಹಿಂಬದಿಗೂ ಅಂಗುಳಕ್ಕೂ ಒಂದು ಫಲಕ ಬಂದು ಕುಳಿತರೆ ನಾಲಿಗೆ ತನ್ನ ನೆಲೆ ತಪ್ಪುವುದು ಸಹಜ. ಅದರಲ್ಲೂ ಸ, ಶ, ಚ, ಜ ಅಕ್ಷರಗಳು ತೊದಲುತ್ತವೆ. ಬಾಯಿಯಲ್ಲಿ ಜೊಲ್ಲೂ ಹೆಚ್ಚು ಊರುತ್ತದೆ. ಇದಕ್ಕಂಜಿ ಶಾಲೆಗೆ ಹೋಗುವಾಗ ತೆಗೆದಿಟ್ಟುಬಿಡುವ ಮಕ್ಕಳು ಬಹಳ. ಔಷಧ ಒಂದೇ, ರಿಟೇನರ್ ಧರಿಸಿಯೇ ದಿನಕ್ಕೆ ಹತ್ತು ಹದಿನೈದು ನಿಮಿಷ ಗಟ್ಟಿಯಾಗಿ ಓದುವುದು. ಕೆಲವೇ ದಿನಗಳಲ್ಲಿ ನಾಲಿಗೆ ಹೊಸ ನೆಲೆಯನ್ನು ಕಲಿತುಕೊಳ್ಳುತ್ತದೆ. ಇಂಗ್ಲಿಷ್ ಮಾಧ್ಯಮದ ನಮ್ಮ ಮಕ್ಕಳ ಕೈಗೆ ಈ ನೆಪದಲ್ಲಿ ಒಂದು ಕನ್ನಡ ಪುಸ್ತಕ ಬಂದರೆ ಯಾರಿಗೂ ನಷ್ಟವಿಲ್ಲ. ಸಂಗೀತ ಕಲಿಯುವ, ನಾಟಕ ಯಕ್ಷಗಾನಗಳಲ್ಲಿ ಪಾತ್ರ ವಹಿಸುವ ಮಕ್ಕಳು ಕಾರ್ಯಕ್ರಮದ ಹೊತ್ತಿಗೆ ತೆಗೆಯಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳಲಿ. ಕೊಳಲು ಬಾರಿಸುವಾಗ, ಈಜುವಾಗ, ಮೈಗೆ ಮೈ ತಾಗುವ ಆಟಗಳಲ್ಲಿ ತೆಗೆದು ಡಬ್ಬಿಯಲ್ಲಿಡುವುದೇ ವಾಡಿಕೆ.

ಇನ್ನು ಜೋಪಾನದ ಮಾತು. ರಿಟೇನರ್‌ಗಳು ಹೆಚ್ಚಾಗಿ ಕಳೆದುಹೋಗುವುದು ಊಟದ ಮೇಜಿನಲ್ಲಿ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕುಟುಂಬ ಸಮೇತ ಕುಳಿತಿರುವುದನ್ನು ಊಹಿಸಿಕೊಳ್ಳಿ. ದೋಸೆ ಬರುತ್ತದೆ. ಹುಡುಗಿ ನಾಚಿಕೆಯಿಂದ ರಿಟೇನರ್ ತೆಗೆದು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಬದಿಗಿಡುತ್ತಾಳೆ. ಕಾಫಿ ಮುಗಿಯುವಷ್ಟರಲ್ಲಿ ಮೇಜು ಒರೆಸುವ ಹುಡುಗ ತಟ್ಟೆ, ಲೋಟ, ಕಾಗದ ಎಲ್ಲವನ್ನೂ ಬಳಿದುಕೊಂಡು ಒಯ್ದಿರುತ್ತಾನೆ. ಅವನದೇನೂ ತಪ್ಪಿಲ್ಲ. ನಿಯಮ ಒಂದೇ: ರಿಟೇನರ್ ಇರಬೇಕಾದ ಜಾಗ ಎರಡು, ಬಾಯಿ ಅಥವಾ ಡಬ್ಬಿ. ಜೇಬಲ್ಲ, ದಿಂಬಿನಡಿಯಲ್ಲ, ಟಿಫಿನ್ ಮುಚ್ಚಳವಲ್ಲ. ಶಾಲೆಯ ಚೀಲದಲ್ಲೊಂದು, ಮನೆಯಲ್ಲೊಂದು, ಹೀಗೆ ಎರಡು ಡಬ್ಬಿಗಳಿರಲಿ, ಎದ್ದು ಕಾಣುವ ಬಣ್ಣದವು. ನಾಯಿ ಸಾಕಿದ ಮನೆಯವರು ಇನ್ನೂ ಎಚ್ಚರದಿಂದಿರಬೇಕು. ಬಾಯಿಯ ವಾಸನೆಯುಳ್ಳ ಪ್ಲಾಸ್ಟಿಕ್ ಎಂದರೆ ನಾಯಿಗೆ ಬಲು ಪ್ರೀತಿ.

ಎರಡನೆಯ ಶತ್ರು ಬಿಸಿ. ನಮ್ಮ ಹೆಂಗಸರಿಗೆ ಯಾವುದನ್ನೇ ಆಗಲಿ ಬಿಸಿನೀರಿನಲ್ಲಿ ತೊಳೆದರೆ ಸಮಾಧಾನ. ಮಗುವಿನ ಹಾಲಿನ ಬಾಟಲಿ ಕುದಿಸಿದ ಅಭ್ಯಾಸದಿಂದ ರಿಟೇನರನ್ನೂ ಕುದಿಯುವ ನೀರಿಗೆ ಹಾಕುವ ಅಜ್ಜಿಯಂದಿರಿದ್ದಾರೆ. ಪಾರದರ್ಶಕ ಕವಚ ಹುಟ್ಟಿದ್ದೇ ಬಿಸಿಯಿಂದ, ಬಿಸಿ ತಾಗಿದರೆ ಅದರ ಆಕಾರ ಮತ್ತೆ ಬದಲಾಗುತ್ತದೆ. ಒಮ್ಮೆ ಸೊಟ್ಟಗಾದರೆ ಮರಳಿ ಸರಿಹೋಗದು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಮಾತ್ರ ಬಳಸಬೇಕು. ಬಿಸಿಲು ಬೀಳುವ ಕಿಟಕಿಯ ಕಟ್ಟೆ, ನಿಲ್ಲಿಸಿದ ಕಾರಿನ ಒಳಗು, ಒಲೆಯ ಪಕ್ಕ ಇವಾವುವೂ ಅದಕ್ಕೆ ತಕ್ಕ ಜಾಗಗಳಲ್ಲ. ಕವಚ ಧರಿಸಿಯೇ ಬಿಸಿ ಚಹಾ ಕುಡಿಯುವುದೂ ಬೇಡ. ಸಿಹಿ ಪಾನೀಯವಂತೂ ಕವಚದೊಳಗೆ ಸೇರಿದರೆ ಜೊಲ್ಲಿನಿಂದ ತೊಳೆದುಹೋಗದೆ ಹಲ್ಲಿಗೆ ಅಂಟಿ ನಿಂತು ಹುಳುಕಿಗೆ ದಾರಿ ಮಾಡುತ್ತದೆ. ಧರಿಸಿರುವಾಗ ನೀರೊಂದನ್ನೇ ಕುಡಿಯುವುದು ಲೇಸು. ಸಾಂಬಾರಿನ ಅರಿಶಿನ, ಚಹಾ, ಎಲೆಯಡಿಕೆ ಎಲ್ಲವೂ ಕಲೆ ಬಿಡುತ್ತವೆ.

ತೊಳೆಯುವ ಕ್ರಮ ಕಠಿಣವೇನಲ್ಲ. ಬಾಯಿಯಿಂದ ತೆಗೆದೊಡನೆ, ಜೊಲ್ಲು ಒಣಗುವ ಮೊದಲೇ, ನಲ್ಲಿಯ ತಣ್ಣೀರಿನಲ್ಲಿ ತೊಳೆಯಬೇಕು. ದಿನಕ್ಕೊಮ್ಮೆ ಇದಕ್ಕಾಗಿಯೇ ಇಟ್ಟ ಮೃದುವಾದ ಬ್ರಶ್ಶು ಮತ್ತು ಒಂದು ಹನಿ ಸೌಮ್ಯ ದ್ರವಸಾಬೂನಿನಿಂದ ಒಳಹೊರಗು ಉಜ್ಜಿ ಚೆನ್ನಾಗಿ ಜಾಲಾಡಿಸಬೇಕು. ಕವಚಕ್ಕೆ ಟೂತ್‌ಪೇಸ್ಟ್ ಬೇಡ. ಅದರ ನುಣ್ಣನೆಯ ಕಣಗಳು ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತವೆ, ಗೀರಿನಲ್ಲಿ ಕೊಳೆ ನಿಲ್ಲುತ್ತದೆ, ಕೊಳೆಯಿಂದ ವಾಸನೆ. ಕಟ್ಟಿಸಿಕೊಂಡ ಹಲ್ಲುಗಳಿಗೆಂದು ಔಷಧಿ ಅಂಗಡಿಗಳಲ್ಲಿ ದೊರೆಯುವ, ನೀರಿಗೆ ಹಾಕಿದರೆ ನೊರೆಯೇಳುವ ಮಾತ್ರೆಯನ್ನು ಆಗಾಗ ಬಳಸಬಹುದು. ಅಡ್ಡಿಯಿಲ್ಲವೇ ಎಂದು ವೈದ್ಯರನ್ನೊಮ್ಮೆ ಕೇಳಿದರೆ ಒಳಿತು. ಬ್ಲೀಚಿಂಗ್ ಪುಡಿ, ಮದ್ಯಸಾರವುಳ್ಳ ಬಾಯಿಮುಕ್ಕಳಿಸುವ ದ್ರಾವಣ ಬೇಡ. ಧರಿಸುವ ಮೊದಲು ಹಲ್ಲನ್ನೂ ಉಜ್ಜಿರಬೇಕು. ಕೊಳೆಯ ಮೇಲೆ ಮುಚ್ಚಳ ಹಾಕಿದರೆ ಏನಾಗುವುದೆಂದು ಅಡುಗೆಮನೆ ಬಲ್ಲವರಿಗೆ ಹೇಳಬೇಕಾಗಿಲ್ಲ.

ತೆಗೆಯುವಾಗ ಹಿಂಬದಿಯ ಎರಡೂ ಕಡೆಯ ದವಡೆಹಲ್ಲುಗಳ ಬಳಿ ಬೆರಳಿನಿಂದ ಸಡಿಲಿಸಿ ತೆಗೆಯಬೇಕು. ಒಂದೇ ಬದಿಯಿಂದ ಎಳೆದರೆ ಕವಚ ಸೀಳುತ್ತದೆ, ಹಾಲಿಯ ತಂತಿ ಬಾಗುತ್ತದೆ. ನಾಲಿಗೆಯಿಂದ ಮೇಲೆ ಕೆಳಗೆ ಆಡಿಸುವ ಚಟ, ಬಾಯಿಯಲ್ಲಿಟ್ಟು ಕಚ್ಚಿ ಕೂರಿಸುವ ಚಟ ಎರಡೂ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತವೆ.

ಅಂಟಿಸಿದ ತಂತಿಯುಳ್ಳವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಕೆಳಗಿನ ಮುಂಭಾಗದ ಹಲ್ಲುಗಳ ಒಳಮೈ, ನಾಲಿಗೆಯಡಿಯ ಜೊಲ್ಲಿನ ಗ್ರಂಥಿಗಳ ಬಾಯಿಗೆ ಎದುರಾಗಿದೆ. ಹಾಗಾಗಿ ಕಲ್ಲಿನಂಥ ಗಾರೆ ಎಲ್ಲಕ್ಕಿಂತ ಬೇಗ ಕಟ್ಟುವುದು ಅಲ್ಲಿಯೇ. ತಂತಿಯ ಕೆಳಗೆ ನೂಲು ತೂರಿಸಲು ನೆರವಾಗುವ ಫ್ಲಾಸ್, ಸಂದಿಗೆ ಹೋಗುವ ಪುಟ್ಟ ಬ್ರಶ್ಶು ಇವನ್ನು ಬಳಸುವ ಬಗೆಯನ್ನು ವೈದ್ಯರಲ್ಲಿಯೇ ಕಲಿಯಬೇಕು. ಆರು ತಿಂಗಳಿಗೊಮ್ಮೆ ಗಾರೆ ತೆಗೆಸಬೇಕು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆಂಬ ಭಯ ನಮ್ಮವರಲ್ಲಿ ಬಹಳ. ಸಡಿಲ ಮಾಡುವುದು ಗಾರೆಯೇ ಹೊರತು ಅದನ್ನು ತೆಗೆಯುವುದಲ್ಲ. ಕಬ್ಬು, ಗಟ್ಟಿ ಚಕ್ಕುಲಿ, ಒಣಕೊಬ್ಬರಿಯ ಹೋಳು, ಸಂಕ್ರಾಂತಿಯ ಗಟ್ಟಿ ಎಳ್ಳುಂಡೆ ಇವನ್ನು ಮುಂಭಾಗದ ಹಲ್ಲಿನಿಂದ ಕಚ್ಚದೆ ಮುರಿದು ದವಡೆಗೆ ಹಾಕಿಕೊಳ್ಳುವುದು ಕ್ಷೇಮ. ತಂತಿಯ ಅಂಟು ಒಂದು ಹಲ್ಲಿನಲ್ಲಿ ಮಾತ್ರ ಬಿಟ್ಟಿದ್ದರೆ ಗೊತ್ತೇ ಆಗುವುದಿಲ್ಲ. ಆ ಒಂದು ಹಲ್ಲು ಮಾತ್ರ ಮೆಲ್ಲನೆ ಹೊರಟು ನಿಂತಿರುತ್ತದೆ. ವಾರಕ್ಕೊಮ್ಮೆ ಬೆರಳ ತುದಿಯಿಂದ ತಡವಿ, ಕನ್ನಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ರಾತ್ರಿ ಧರಿಸುವ ರಿಟೇನರ್ ಒಂದೆರಡು ದಿನ ತಪ್ಪಿದ ಮೇಲೆ ಬಿಗಿಯೆನಿಸಿದರೆ ಹಲ್ಲು ಆಗಲೇ ಸ್ವಲ್ಪ ಸರಿದಿದೆಯೆಂದು ಅರ್ಥ. ಪೂರ್ತಿ ಕೂರುತ್ತಿದ್ದರೆ ಮತ್ತೆ ಹೆಚ್ಚು ಹೊತ್ತು ಧರಿಸತೊಡಗಬೇಕು. ಪೂರ್ತಿ ಕೂರದೆ ನಡುವೆ ಸಂದಿ ಬಿಟ್ಟರೆ ಬಲವಂತದಿಂದ ಒತ್ತಬಾರದು, ಕತ್ತರಿಯಿಂದ ಅಂಚು ಕತ್ತರಿಸಲೂಬಾರದು. ಸೀಳಿದ ಪ್ಲಾಸ್ಟಿಕನ್ನು ಮನೆಯ ಅಂಟಿನಿಂದ ಅಂಟಿಸುವುದಂತೂ ಖಂಡಿತ ಕೂಡದು. ಬೇಗನೆ ವೈದ್ಯರಿಗೆ ತೋರಿಸಿದರೆ ಸಣ್ಣದರಲ್ಲಿ ಮುಗಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಮತ್ತೊಮ್ಮೆ ಕ್ಲಿಪ್ಪೇ ಗತಿಯಾಗಬಹುದು.

ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ತೊಡಕಿದೆ, ಅದು ಊರು ಬದಲಾವಣೆ. ಹತ್ತನೆಯ ತರಗತಿಯಲ್ಲಿ ಕ್ಲಿಪ್ ತೆಗೆಸಿದ ಮಗು ಎರಡೇ ವರ್ಷಗಳಲ್ಲಿ ಮಣಿಪಾಲಕ್ಕೋ ಪುಣೆಗೋ ಹೈದರಾಬಾದಿಗೋ ಹಾಸ್ಟೆಲ್ ಸೇರುತ್ತದೆ. ಅಲ್ಲಿ ನೆನಪಿಸುವ ತಾಯಿಯಿಲ್ಲ. ಬ್ಯಾಂಕಿನ ವರ್ಗಾವಣೆಯ ಬದುಕಿನಲ್ಲಿ ನಾವು ಇಂಥದನ್ನು ಸಾಕಷ್ಟು ಕಂಡಿದ್ದೇವೆ. ಮಗು ಹೊರಡುವ ಮುನ್ನ ಎಕ್ಸ್‌ರೇ, ಚಿಕಿತ್ಸೆಯ ವಿವರ, ಹಲ್ಲಿನ ಅಚ್ಚು ಇವನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಇತ್ತೀಚೆಗೆ ಅನೇಕ ಕಡೆ ಅಚ್ಚಿಗೆ ಬದಲಾಗಿ ಬಾಯಿಯೊಳಗೆ ಸ್ಕ್ಯಾನ್ ಮಾಡುತ್ತಾರೆ. ಆ ಕಂಪ್ಯೂಟರ್ ಕಡತ ನಮ್ಮ ಬಳಿ ಇದ್ದರೆ ರಿಟೇನರ್ ಕಳೆದಾಗ ಬೇರೆ ಊರಿನಲ್ಲಿಯೂ, ಹಲ್ಲು ಸರಿಯದಿದ್ದಲ್ಲಿ, ಅದರಿಂದಲೇ ಹೊಸದು ಮಾಡಿಸಬಹುದು. ಸಾಧ್ಯವಿದ್ದರೆ ಒಂದು ಹೆಚ್ಚುವರಿ ಕವಚವನ್ನೂ ಮಾಡಿಸಿ ಕಳುಹಿಸುವುದು ಜಾಣತನ. ಸ್ಕ್ಯಾನ್ ಮಾಡಿದಂದೇ ಮಾಡಿಸಿದರೆ ಮತ್ತೆ ಅಳತೆ ಕೊಡುವ ಪ್ರಮೇಯವಿಲ್ಲ.

ಖರ್ಚಿನ ವಿಚಾರವನ್ನು ಕ್ಲಿಪ್ ಹಾಕಿಸುವ ಮೊದಲೇ ಮಾತಾಡಿಕೊಳ್ಳಬೇಕು. ಹೇಳಿದ ಮೊತ್ತದಲ್ಲಿ ರಿಟೇನರ್ ಸೇರಿದೆಯೇ, ಮೊದಲ ವರ್ಷದ ತಪಾಸಣೆ ಸೇರಿದೆಯೇ, ಕಳೆದರೆ ಹೊಸದಕ್ಕೆ ಎಷ್ಟು, ಈ ಮೂರನ್ನು ಕೇಳಿ ಬರೆಸಿಕೊಂಡರೆ ಮುಂದೆ ಮನಸ್ತಾಪವಿರದು. ಹೊರೆಯೆನಿಸುವವರು ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ವಿಚಾರಿಸಬಹುದು. ಮುಂಬಯಿಯಲ್ಲಿ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇವೆ. ಊರ ಕಡೆ ಬೆಂಗಳೂರು, ಮಣಿಪಾಲ, ಮಂಗಳೂರು, ದಾವಣಗೆರೆಗಳಲ್ಲಿಯೂ ಕಾಲೇಜುಗಳಿವೆ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಸರದಿ ಕಾಯುವ ತಾಳ್ಮೆ ಬೇಕು, ಅಷ್ಟೆ.

ಒಂದು ವೇಳೆ ರಿಟೇನರ್ ಕಳೆದೇಹೋದರೆ ಮಕ್ಕಳು ಬೈಗುಳಕ್ಕೆ ಹೆದರಿ ವಾರಗಟ್ಟಲೆ ಮುಚ್ಚಿಡುತ್ತಾರೆ. ಆ ವಾರಗಳಲ್ಲಿಯೇ ಹಲ್ಲು ಹೊರಡುತ್ತದೆ. ಕಳೆದ ದಿನವೇ ಹೇಳಿದರೆ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರುವುದು, ಮತ್ತು ಆ ಮಾತನ್ನು ನಡೆಸುವುದು, ತಂದೆತಾಯಿಯ ಪಾಲಿನ ಕೆಲಸ. ಮರುದಿನ ಬೆಳಿಗ್ಗೆಯೇ ವೈದ್ಯರಿಗೆ ಫೋನ್ ಮಾಡಿ ಅಳತೆಗೆ ಸಮಯ ಗೊತ್ತುಮಾಡಿಕೊಳ್ಳಬೇಕು. ಹೊಸದು ಬರುವವರೆಗೆ ಹಳೆಯ ಕವಚವೊಂದು ಮನೆಯಲ್ಲಿದ್ದು ಸರಿಯಾಗಿ ಕೂರುವಂತಿದ್ದರೆ ಅದನ್ನೇ ಧರಿಸಬಹುದೇ ಎಂಬುದನ್ನೂ ಆ ಫೋನಿನಲ್ಲಿಯೇ ಕೇಳಿಕೊಳ್ಳಬಹುದು.